ದೃಷ್ಟಿ ಇಲ್ಲದವರು ಕಂಪ್ಯೂಟರ್ ಪರದೆಯನ್ನು ಅರಿಯುವುದು ಹೇಗೆ?

ಪುಣೆಯಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳಿ. ಮಧುಮೇಹದಿಂದ ಅಕ್ಷಿಪಟಲ ಹಾಳಾಗಿ ತಂದೆ ದೃಷ್ಟಿ ಕಳೆದುಕೊಂಡಿದ್ದಾರೆ. ಈಗ ಸ್ಕ್ರೀನ್ ರೀಡರ್ ಬಳಸಲು ಕಲಿಯುತ್ತಿದ್ದಾರೆ. "ಅಪ್ಪಾ, ಬಲಗಡೆ ಮೇಲೆ ಹಸಿರು ಬಟನ್ ಇದೆ, ಅದನ್ನು ಒತ್ತಿ" ಎನ್ನುತ್ತಾಳೆ ಮಗಳು. ಆದರೆ ಅವರು ಕೇಳುತ್ತಿರುವ ಧ್ವನಿ ಬಲಗಡೆ ಎಂದೂ ಹೇಳುವುದಿಲ್ಲ, ಹಸಿರು ಎಂದೂ ಹೇಳುವುದಿಲ್ಲ. ಕೊನೆಗೆ ಮಗಳೇ ಬಟನ್ ಒತ್ತುತ್ತಾಳೆ. ತಂದೆ ಕಲಿಯುವುದು ಅಲ್ಲಿಗೇ ನಿಲ್ಲುತ್ತದೆ.

ಸ್ಕ್ರೀನ್ ರೀಡರ್ ಏನು ಮಾಡುತ್ತದೆ?

ಇದು ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಇರುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಇದನ್ನು ಆರಂಭಿಸಿದರು. ಅವರೂ ದೃಷ್ಟಿ ಇಲ್ಲದವರು. ಇದರ ಜೊತೆಗೆ ಬರುವ ಇ-ಸ್ಪೀಕ್ ಧ್ವನಿ ಕನ್ನಡ ಮತ್ತು ಮರಾಠಿ ಎರಡನ್ನೂ ಓದುತ್ತದೆ.

ಕಣ್ಣಿಗೆ ಇಡೀ ಪುಟ ಒಮ್ಮೆಗೇ ಕಾಣುತ್ತದೆ. ಕಿವಿಗೆ ಅದು ಒಂದಾದ ಮೇಲೆ ಒಂದರಂತೆ, ಸಾಲಾಗಿ ಬರುತ್ತದೆ. ಪೂರ್ತಿ ಕೇಳುತ್ತ ಕೂರಬೇಕಾಗಿಲ್ಲ. ಎನ್‌ವಿಡಿಎಯಲ್ಲಿ ವೆಬ್ ಪುಟ ಓದುವಾಗ ಎಚ್ ಕೀ ಒತ್ತಿದರೆ ಮುಂದಿನ ಶೀರ್ಷಿಕೆಗೆ, ಬಿ ಒತ್ತಿದರೆ ಮುಂದಿನ ಬಟನ್‌ಗೆ, ಟಿ ಒತ್ತಿದರೆ ಮುಂದಿನ ಕೋಷ್ಟಕಕ್ಕೆ ಹೋಗಬಹುದು. ಅಭ್ಯಾಸವಾದವರು ಪುಟವನ್ನು ಹೀಗೆಯೇ ನೆನಪಿಟ್ಟುಕೊಳ್ಳುತ್ತಾರೆ: ಯಾವ ಶೀರ್ಷಿಕೆಯ ಕೆಳಗೆ ಏನಿದೆ, ಯಾವುದರ ನಂತರ ಯಾವುದು ಬರುತ್ತದೆ.

ಬಣ್ಣ ಅವರಿಗೆ ಅರ್ಥವಾಗುತ್ತದೆಯೇ?

ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಿಗೆ ಬಣ್ಣದ ನೆನಪು ಇರುತ್ತದೆ. ಹುಟ್ಟಿನಿಂದಲೇ ದೃಷ್ಟಿ ಇಲ್ಲದವರು ಬಣ್ಣದ ಬಗ್ಗೆ ಮಾತಿನಿಂದ, ಓದಿನಿಂದ ತಿಳಿದಿರುತ್ತಾರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಗಳಿಗೆ ಬಣ್ಣ ಏಕೆ ಇರುತ್ತದೆ ಎಂಬುದನ್ನು ಇವರು ದೃಷ್ಟಿ ಇರುವವರಂತೆಯೇ ವಿವರಿಸಿದ್ದು ಕಂಡುಬಂತು. ಆದ್ದರಿಂದ "ನೋಡಿ", "ಕೆಂಪು" ಎಂಬ ಪದಗಳನ್ನು ಬಳಸಲು ಹಿಂಜರಿಯಬೇಡಿ. ಬಣ್ಣದ ಜೊತೆಗೆ ಅದು ಏನನ್ನು ಸೂಚಿಸುತ್ತದೆ ಎಂಬುದನ್ನೂ ಹೇಳಿ.

ತೊಂದರೆ ಎಲ್ಲಿ ಬರುತ್ತದೆ?

• ರಕ್ತಪರೀಕ್ಷೆಯ ವರದಿಯಲ್ಲಿ ಹೆಚ್ಚು-ಕಡಿಮೆ ಇರುವ ಅಂಕಿಗಳನ್ನು ಕೆಂಪು ಬಣ್ಣದಲ್ಲಿ ಮಾತ್ರ ತೋರಿಸಿದ್ದರೆ, ಸ್ಕ್ರೀನ್ ರೀಡರ್ ಅಂಕಿಯನ್ನಷ್ಟೇ ಓದುತ್ತದೆ. ಎಚ್ಚರಿಕೆ ತಲುಪುವುದಿಲ್ಲ.
• ವರದಿಯ ಫೋಟೊ ತೆಗೆದು ಕಳುಹಿಸಿದರೆ "ಚಿತ್ರ" ಎಂದಷ್ಟೇ ಕೇಳಿಸಬಹುದು.
• ಹೆಸರಿಲ್ಲದ ಬಟನ್ ಬರೀ "ಬಟನ್" ಎಂದೇ ಕೇಳುತ್ತದೆ.
• ಬ್ಯಾಂಕಿನ ಇ-ಕೆವೈಸಿಯಲ್ಲಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸುವಂತೆ ಕೇಳುತ್ತಾರೆ. ಇದಕ್ಕೆ ಬೇರೆ ದಾರಿ ಒದಗಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಆದೇಶಿಸಿದೆ. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದೂ ಹೇಳಿದೆ.

ಮನೆಯವರು ಏನು ಮಾಡಬೇಕು?

• ಜಾಗ, ಬಣ್ಣದ ಬದಲು ಹೆಸರು ಹೇಳಿ: "'ಸಲ್ಲಿಸಿ' ಎಂಬ ಬಟನ್ ಬರುವವರೆಗೆ ಬಿ ಒತ್ತಿ."
• ಪ್ರಯೋಗಾಲಯದಿಂದ ವರದಿಯನ್ನು ಬರಹ ರೂಪದ ಪಿಡಿಎಫ್‌ನಲ್ಲಿ ಕೇಳಿ ಪಡೆಯಿರಿ. ಸ್ಕ್ಯಾನ್ ಮಾಡಿದ ಪ್ರತಿ ಬೇಡ.
• ಫೋಟೊ ಕಳುಹಿಸುವಾಗ ಅದರಲ್ಲಿ ಯಾರಿದ್ದಾರೆ, ಏನು ನಡೆಯುತ್ತಿದೆ ಎಂದು ಒಂದು ಸಾಲು ಬರೆಯಿರಿ.
• ಮೌಸ್ ಕಸಿದುಕೊಳ್ಳಬೇಡಿ. ಅವರೇ ಹುಡುಕಲು ಸಮಯ ಕೊಡಿ.
• ಒಟಿಪಿ, ಪಾಸ್‌ವರ್ಡ್‌ಗಳನ್ನು ಅವರೇ ಕೇಳಿ ಬಳಸಲಿ. ಒಂದು ಇಯರ್‌ಫೋನ್ ಇದ್ದರೆ ಗೌಪ್ಯತೆ ಉಳಿಯುತ್ತದೆ.

ನೆರವು ಎಲ್ಲಿ ಸಿಗುತ್ತದೆ?

ಪುಣೆಯಲ್ಲಿ ನಿವಾಂತ್ ಅಂಧ ಮುಕ್ತ ವಿಕಾಸಾಲಯ, ಬೆಂಗಳೂರಿನಲ್ಲಿ ಮಿತ್ರ ಜ್ಯೋತಿ ದೃಷ್ಟಿ ಇಲ್ಲದವರ ಶಿಕ್ಷಣ, ತರಬೇತಿಗಾಗಿ ಕೆಲಸ ಮಾಡುತ್ತಿವೆ. ಸ್ಕ್ರೀನ್ ರೀಡರ್ ಕಲಿಯಲು ಆರಂಭಿಸಿದ ಮೇಲೂ ನೇತ್ರ ತಪಾಸಣೆ ಬಿಡಬೇಡಿ. ಸ್ವಲ್ಪ ದೃಷ್ಟಿ ಉಳಿದಿದ್ದರೆ ಅದನ್ನು ಕಾಪಾಡಿಕೊಳ್ಳುವುದು ಮುಖ್ಯ. ಅಕ್ಷರ ದೊಡ್ಡದಾಗಿ ತೋರಿಸುವ ಸೌಲಭ್ಯವನ್ನೂ ಜೊತೆಗೆ ಬಳಸಬಹುದು. ಮೊದಲ ಕೆಲವು ವಾರ ನಿಧಾನ ಎನಿಸುವುದು ಸಹಜ. ತನ್ನ ವರದಿಯನ್ನು ತಾನೇ ಓದಿಕೊಳ್ಳುವ ದಿನ ಬಂದಾಗ ಆ ಶ್ರಮ ಸಾರ್ಥಕವಾಗುತ್ತದೆ.