ಬೆಳಕು ಹರಿದ ಮೇಲೆ ಮೂವರು

ಬುಕ್ಕಾಪಟ್ಟಣದಲ್ಲಿ ಬೆಳಕು ಹರಿಯುವ ತನಕ ಹೆಂಗಸರು ಊರಾಚೆ ಕಾಲಿಡುವುದಿಲ್ಲ. ಕಾಡಿನಂಚಿನ ಊರು. ರಾತ್ರಿ ಹೊಲಕ್ಕಿಳಿದ ಕರಡಿ ಬೆಟ್ಟಕ್ಕೆ ಮರಳುವ ಹೊತ್ತು ಅದು. ಹಾಗಾಗಿ ನಮ್ಮಕ್ಕ ಐದೂವರೆಗೆ ಎದ್ದು, ಒಲೆ ಮೇಲೆ ನೀರಿಟ್ಟು, ಬಾಗಿಲಿಗೆ ನೀರು ಹಾಕಿ, ರಂಗೋಲಿಯ ನಾಲ್ಕು ಗೆರೆ ಎಳೆದು, ಹೊಸ್ತಿಲ ಪಕ್ಕ ಕೂತು ಶೂಗಳ ಲೇಸು ಬಿಗಿದುಕೊಂಡು ಎದುರು ಮನೆಯ ಮಾಡಿನ ಕಡೆ ನೋಡುತ್ತಾಳೆ. ಕಪ್ಪಗೆ ಒಂದೇ ಮುದ್ದೆಯಾಗಿದ್ದ ಮಾಡು ಮೆಲ್ಲಗೆ ಹೆಂಚು ಹೆಂಚಾಗಿ ಬಿಡಿಸಿಕೊಳ್ಳಬೇಕು. ಸಾಲು ಎಣಿಸುವಷ್ಟು ಬೆಳಕಾಯಿತೆಂದರೆ ಎದ್ದು ಸೆರಗು ಸಿಕ್ಕಿಸುತ್ತಾಳೆ. ಅದೇ ಅವಳ ಗಡಿಯಾರ.

ನಾನು ಹೋದಾಗ ಕಾರ್ತಿಕ ಕಳೆದು ಮಾರ್ಗಶಿರದ ಚಳಿ ಹಿಡಿದಿತ್ತು. ರಾಗಿ ಕೊಯ್ದು ಹೊಲದಲ್ಲೇ ಹಾಸಿದ್ದರು. ಅಕ್ಕಡಿ ಸಾಲಿನ ಅವರೆ ಹೂವಿನ ಮೇಲೆ ಇಬ್ಬನಿ. ಅವರೆಯ ಸೊಗಡು ಬೀದಿಯ ತನಕ ಬರುತ್ತಿತ್ತು. ಅರಳೀಕಟ್ಟೆಯ ಹತ್ತಿರ ಇಬ್ಬರು ಆಗಲೇ ನಿಂತಿದ್ದರು. ಒಬ್ಬರು ಆಶಾ ಕಾರ್ಯಕರ್ತೆ, ಮೂವತ್ತೈದರ ಆಸುಪಾಸು. ಇನ್ನೊಬ್ಬರು ಶಾಲೆಯಲ್ಲಿ ಬಿಸಿಯೂಟ ಮಾಡುವ ದೊಡ್ಡಮ್ಮ. ಅರವತ್ತಕ್ಕೆ ಹತ್ತಿರ, ಕೈಯಲ್ಲಿ ಒಂದು ಕೋಲು. ಸೀರೆ, ಸ್ವೆಟರು, ತಲೆಗೆ ಸುತ್ತಿದ ಟವೆಲು, ಕೆಳಗೆ ಶೂ. ಮೂವರೂ ಒಬ್ಬರಿಗೊಬ್ಬರು ಏನೂ ಹೇಳದೆ ಹೆಜ್ಜೆ ಹಾಕತೊಡಗಿದರು. ಮೊದಲ ಅರ್ಧ ಕಿಲೋಮೀಟರು ಮಾತಿಲ್ಲ. ಮೈ ಬಿಸಿಯಾದ ಮೇಲೆಯೇ ಬಾಯಿ ಬಿಚ್ಚುವುದು.

ಶಿರಾ ತಾಲ್ಲೂಕಿನ ಈ ಭಾಗ ನೋಡದವರಿಗೆ ಹೇಳಬೇಕು. ಇಲ್ಲಿನದು ಮಲೆನಾಡಿನ ಕಾಡಲ್ಲ, ಕುರುಚಲು. ತಂಗಡಿ, ಬಂದರಿಕೆ, ಕಾರೆ, ಜಾಲಿ, ನಡುನಡುವೆ ಕಲ್ಲುಗುಡ್ಡ. 2019ರಲ್ಲಿ ಸರ್ಕಾರ ಇದನ್ನು ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಿತು. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಬಿಟ್ಟರೆ ಚಿಂಕಾರಕ್ಕೆಂದೇ ರಾಜ್ಯದಲ್ಲಿ ಕಾದಿಟ್ಟ ಕಾಡು ಇದೊಂದೇ. ದಿನಗಟ್ಟಲೆ ನೀರು ಕುಡಿಯದೆ, ಎಲೆಯ ತೇವ ಮತ್ತು ಇಬ್ಬನಿಯಲ್ಲೇ ಬದುಕಬಲ್ಲ ಪುಟ್ಟ ಜಿಂಕೆ ಅದು. ಅಕ್ಕ ಇಷ್ಟು ದಿನದ ನಡಿಗೆಯಲ್ಲಿ ಅದನ್ನು ಕಂಡಿರುವುದು ಒಂದೇ ಸಲ. "ಕರೀ ಬಾಲ ಅಲ್ಲಾಡಿಸ್ತಾ ನಿಂತಿತ್ತು ಕಣೇ, ನಾವು ಉಸಿರು ಬಿಡೋ ಹೊತ್ತಿಗೆ ಇಲ್ಲ" ಎಂದು ಈಗಲೂ ಹೇಳುತ್ತಾಳೆ.

ಅಕ್ಕ ನಡೆಯಲು ಶುರು ಮಾಡಿ ಎರಡು ವರ್ಷ ಎಂಟು ತಿಂಗಳಾಯಿತು. ಅದರ ಲೆಕ್ಕ ಅಡುಗೆಮನೆಯ ಗೋಡೆಯಲ್ಲಿದೆ. ಒಂದೇ ಮೊಳೆಗೆ ಮೂರು ವರ್ಷದ ಕ್ಯಾಲೆಂಡರುಗಳು, ಒಂದರ ಮೇಲೊಂದು. ಪ್ರತಿ ದಿನದ ಚೌಕದಲ್ಲಿ ಹಾಲಿನ ಲೆಕ್ಕ, ಅದರ ಪಕ್ಕ ನಡೆದ ದಿನಕ್ಕೊಂದು ಸಣ್ಣ ಗೀಟು. ತಿಂಗಳ ಮೊದಲ ಚೌಕದಲ್ಲಿ ಮಾತ್ರ ಒಂದು ತೂಕ. ಆ ತೂಕ ನೋಡುವುದು ನಮ್ಮ ಅಣ್ಣನ ವರಸೆಯವರ ಮಂಡಿಯಲ್ಲಿ, ಹುಣಸೆಹಣ್ಣು, ಕಡಲೆಕಾಯಿ ಮೂಟೆ ತೂಗುವ ತಕ್ಕಡಿಯ ಮೇಲೆ. ಹಮಾಲರು ಬರುವ ಮುಂಚೆ, ಬೀಗ ತೆಗೆದ ಕೂಡಲೇ, ಮೂವರೂ ಒಬ್ಬೊಬ್ಬರಾಗಿ ಹತ್ತಿ ಇಳಿಯುತ್ತಾರೆ.

ನಾನು ಮಧ್ಯಾಹ್ನ ಆ ಕ್ಯಾಲೆಂಡರುಗಳನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡು ಕೂತೆ. ಮೊದಲ ಯುಗಾದಿ: 84.6 ಕೆಜಿ. ಆಗಸ್ಟ್: 78.2. ನಾಲ್ಕು ತಿಂಗಳಿಗೆ ಆರು ಕೆಜಿಗೂ ಹೆಚ್ಚು ಇಳಿದಿತ್ತು. ಆಮೇಲೆ 78.4, 77.9, 78.6, 78.1. ಗೀಟುಗಳೇನೋ ಮೊದಲಿನಷ್ಟೇ ದಟ್ಟವಾಗಿವೆ, ತಕ್ಕಡಿ ಮಾತ್ರ ಅಲ್ಲೇ ನಿಂತಿದೆ. ತೂಕ ಇಳಿಸಲು ಹೊರಟವರಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಈ ಪುಟಗಳಲ್ಲೇ. ನಾನೂ ಎರಡು ಸಲ ಇಲ್ಲೇ ಬಿಟ್ಟವಳು.

ಅಕ್ಕನೂ ಅದಕ್ಕೆ ಮುಂಚೆ ಒಮ್ಮೆ ಬಿಟ್ಟಿದ್ದಳು. ಆಗ ಒಬ್ಬಳೇ ಇದ್ದಳು. ಯಾರೋ ಹೇಳಿದರೆಂದು ಮುದ್ದೆ, ಅನ್ನ ಎರಡನ್ನೂ ನಿಲ್ಲಿಸಿ ಸೌತೆಕಾಯಿ, ಮಜ್ಜಿಗೆಯಲ್ಲಿ ದಿನ ದೂಡಿದಳು. ಬೇಗ ಇಳಿಯಿತು. ಕಳೆ ತೆಗೆಯಲು ಹೋದವಳು ಕಣ್ಣು ಕತ್ತಲೆ ಬಂದು ಬದುವಿನ ಮೇಲೆ ಕೂತುಬಿಟ್ಟಳು. ಗೌರಿಹಬ್ಬದ ಹೊತ್ತಿಗೆ ಇಳಿದದ್ದೆಲ್ಲ ವಾಪಸು ಬಂದಿತ್ತು. "ಬಾಯಿ ಕಟ್ಟೋಕಾಗ್ಲಿಲ್ಲ ಅವಳ ಕೈಲಿ" ಎಂದು ಮನೆಯವರೇ ಅಂದರು. ಆ ಮಾತು ಅವಳಿಗೆ ಬಹಳ ನಾಟಿತ್ತು.

ಅದು ಬಾಯಿ ಚಪಲದ ಮಾತೇ ಅಲ್ಲ ಎಂದು ಅವಳಿಗೆ ಹೇಳುವವರು ಆಗ ಯಾರೂ ಇರಲಿಲ್ಲ. ಮೈ ಕರಗಿದಂತೆಲ್ಲ ಅದು ಸುಡುವ ಶಕ್ತಿಯೂ ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಹತ್ತು ವಾರ ಬಿಗಿ ಪಥ್ಯ ಮಾಡಿ ತೂಕ ಇಳಿಸಿಕೊಂಡವರನ್ನು ಒಂದು ವರ್ಷ ಕಳೆದ ಮೇಲೆ ಮತ್ತೆ ಪರೀಕ್ಷಿಸಿದರು. ಹಸಿವನ್ನು ಕೆರಳಿಸುವ ಹಾರ್ಮೋನುಗಳು ಆಗಲೂ ಮೊದಲಿನ ಮಟ್ಟಕ್ಕೆ ಇಳಿದಿರಲಿಲ್ಲ. ವರ್ಷಗಟ್ಟಲೆ ತನ್ನ ಮೈಯ ಜೊತೆಗೇ ಗುದ್ದಾಡುವವಳನ್ನು ನಾಲಿಗೆ ಚಪಲದವಳು ಎನ್ನುವುದು ಅನ್ಯಾಯ.

ಎರಡನೆಯ ಸಲ ಶುರು ಮಾಡಿಸಿದ್ದು ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗಿ ಮೂವತ್ತು ದಾಟಿದವರ ಸಕ್ಕರೆ, ಬಿಪಿ ನೋಡಿಸುವುದು ಅವರ ಕೆಲಸ. ಅಕ್ಕನ ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ 6.2 ಬಂತು. "ಬಾರ್ಡರ್‌ನಲ್ಲಿದೀರಕ್ಕ" ಎಂದರಂತೆ. ನಮ್ಮಮ್ಮನ ಕಾಲಿನ ಗಾಯ ಒಣಗದೆ ಹೋದದ್ದನ್ನು ನಾವಿಬ್ಬರೂ ಕಂಡವರು. ಅಕ್ಕ ಬೇರೇನೂ ಕೇಳಲಿಲ್ಲ, "ಯಾವಾಗ ಶುರು ಮಾಡಾಣ" ಎಂದಳು. ಒಬ್ಬರೇ ಹೋಗುವ ರಸ್ತೆ ಅದಲ್ಲ ಎಂದು ಆ ಮೇಡಂ ತಾವೂ ಬಂದರು. ಇಬ್ಬರಿಗೇ ಭಯವೆಂದು ಕೋಲಿನ ದೊಡ್ಡಮ್ಮನನ್ನು ಕರೆದರು. ಮೂವರ ಗುಂಪು ಹುಟ್ಟಿದ್ದೇ ಹಾಗೆ, ಕರಡಿಯ ಭಯದಿಂದ.

ಗೌರಿಹಬ್ಬದಿಂದ ದೀಪಾವಳಿ ದಾಟುವ ತನಕ ಅಲ್ಲೇ ನಿಂತ ಆ ತೂಕದ ಬಗ್ಗೆ ಇನ್ನೊಂದು ಮಾತು. ಡಿಸೆಂಬರಿನಲ್ಲಿ ಮತ್ತೆ ರಕ್ತ ಕೊಟ್ಟಾಗ 6.2 ಇದ್ದದ್ದು 5.8ಕ್ಕೆ ಇಳಿದಿತ್ತು. ತಕ್ಕಡಿ ಕಾಣದ್ದನ್ನು ರಕ್ತ ಹೇಳಿತ್ತು. ಇದಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿಯಿದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದವರು ಊಟ, ನಡಿಗೆ ಸರಿಪಡಿಸಿಕೊಂಡಾಗ ಅಪಾಯ ಶೇ 28.5ರಷ್ಟು ತಗ್ಗಿತು. ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲೇ ಇಲ್ಲ. ಇಳಿದರಂತೂ ಲಾಭ ಇನ್ನೂ ದೊಡ್ಡದು. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2002ರಲ್ಲಿ ಹೊರಬಂದ ಅಧ್ಯಯನದಲ್ಲಿ ವಾರಕ್ಕೆ 150 ನಿಮಿಷ ನಡಿಗೆ, ತೂಕದಲ್ಲಿ ಶೇ 7ರಷ್ಟು ಇಳಿಕೆ, ಇವೆರಡೇ ಗುರಿ. ಅಪಾಯ ಶೇ 58 ಕಡಿಮೆಯಾಯಿತು. ಅಕ್ಕನ ಲೆಕ್ಕದಲ್ಲಿ ಆ ಶೇ 7 ಅಂದರೆ ಆರು ಕೆಜಿ. ಅವಳು ಬೇಸತ್ತು ಕೂತ ಆ ಡಿಸೆಂಬರಿಗಾಗಲೇ ಅದನ್ನು ದಾಟಿದ್ದಳು.

ರಸ್ತೆ ತಿರುಗುವಲ್ಲಿ ಒಂದು ಕಮರದ ಮರ. ಅಲ್ಲಿಯ ತನಕ ಎರಡೂವರೆ ಕಿಲೋಮೀಟರು, ಅಲ್ಲಿಂದ ವಾಪಸು. ಮರ ಮುಟ್ಟದೆ ತಿರುಗುವಂತಿಲ್ಲ. ಮೂವರೂ ಒಂದೊಂದು ಸಲ ಅಂಗೈ ಊರುತ್ತಾರೆ. ತೊಗಟೆ ಆ ಜಾಗದಲ್ಲಿ ನುಣುಪಾದಂತೆ ನನಗೆ ಕಂಡಿತು. ಕಮರ ಈ ಒಣನೆಲದ ಮರ. ನಮ್ಮ ದೇಶದ ಬಲು ಗಟ್ಟಿ, ಬಲು ಭಾರದ ಮರಗಳಲ್ಲಿ ಒಂದು. ಚಿಕ್ಕಂದಿನಲ್ಲಿ ಈ ಗುಡ್ಡಗಳಲ್ಲಿ ಆಡು ಮೇಯಿಸಿದ ದೊಡ್ಡಮ್ಮ ಕೋಲಿನಿಂದ ಪಕ್ಕದ ಒಂದು ಸಸಿ ತೋರಿಸಿದರು. "ಇದು ನೋಡಮ್ಮ, ಎಷ್ಟೋ ವರ್ಷ ಹಿಂಗೇ ಇರ್ತದೆ. ಬೆಳೀತಿಲ್ಲ ಅನ್ಕೋಬ್ಯಾಡ. ಮ್ಯಾಲೆ ಮೊಣಕಾಲುದ್ದ, ಕೆಳಗೆ ಆಳುದ್ದ ಬೇರು." ಮಾತು ನಿಜ. ಕಮರದ ಸಸಿ ಮೊದಲ ವರ್ಷಗಳಲ್ಲಿ ಬೇರನ್ನೇ ಇಳಿಸುತ್ತದೆ. ನೀರು ಸಿಕ್ಕುವ ಆಳ ಮುಟ್ಟಿದ ಮೇಲೆ ಕಾಂಡ ಏಳುತ್ತದೆ.

ಬರುವಾಗ ಊಟದ ಮಾತು ಬಂತು. ರಾಗಿ ತಿಂದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ಈಗ ಪೇಟೆಗಳಲ್ಲೂ ಹಬ್ಬಿದೆ. ಅದರಲ್ಲಿ ಅರ್ಧ ಮಾತ್ರ ನಿಜ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 356. ಅಂತರ ದೊಡ್ಡದೇನಲ್ಲ. ದೊಡ್ಡದಿರುವುದು ನಾರಿನಲ್ಲಿ: ರಾಗಿಯಲ್ಲಿ ಹನ್ನೊಂದು ಗ್ರಾಂ, ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ಹೊಟ್ಟೆ ಬೇಗ ತುಂಬುತ್ತದೆ, ಮತ್ತೆ ಹಸಿಯಲು ಹೊತ್ತಾಗುತ್ತದೆ. ಅಕ್ಕ ಮುದ್ದೆ ಬಿಡಲಿಲ್ಲ, ಗಾತ್ರ ಅರ್ಧ ಮಾಡಿದಳು. ಅಷ್ಟೇ ಜಾಗಕ್ಕೆ ಬಸ್ಸಾರಿನ ಪಲ್ಯ, ಹುರುಳಿ ಉಸಲಿ ಬಂತು. ಮುದ್ದೆಯ ಮೇಲೊಂದು ಸುತ್ತು ಅನ್ನ ನಿಂತಿತು. ಅವಳನ್ನು ನಿಜವಾಗಿ ಕಾಡಿದ್ದು ಸಿಹಿಯೂ ಅಲ್ಲ, ಹೊಸತೊಡಕಿನ ಬಾಡೂಟವೂ ಅಲ್ಲ. ಕಡಲೆಕಾಯಿ ಬಿಡಿಸುವ ಕಾಲ. ಗಿಡದ ರಾಶಿಯ ಮುಂದೆ ದಿನವಿಡೀ ಕೂತು ಕಾಯಿ ಕಿತ್ತು ಹಾಕುವಾಗ ಕೈ ಎಷ್ಟು ಸಲ ಬುಟ್ಟಿಗೆ, ಎಷ್ಟು ಸಲ ಬಾಯಿಗೆ ಹೋಯಿತು ಎಂದು ಯಾರಿಗೆ ಗೊತ್ತಾಗುತ್ತದೆ? ಈಗ ಕೂರುವ ಮುಂಚೆಯೇ ಒಂದು ಹಿಡಿ ಎಣಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ಅದು ಮುಗಿದರೆ ಆ ದಿನಕ್ಕೆ ಮುಗಿಯಿತು.

ಇನ್ನು ಜನರ ಬಾಯಿ. ಹಳ್ಳಿಯಲ್ಲಿ ಮೈ ಇಳಿದವಳನ್ನು ಯಾರೂ ಮೆಚ್ಚುವುದಿಲ್ಲ, ಮರುಗುತ್ತಾರೆ. "ಯಾಕಮ್ಮ ಹಿಂಗೆ ಸೊರಗೋಗಿದೀಯ, ಹುಷಾರಿಲ್ವಾ?" "ಮನೇಲಿ ಏನಾದ್ರೂ ತೊಂದ್ರೆನಾ?" ಪ್ರೀತಿಯಿಂದಲೇ ಕೇಳುತ್ತಾರೆ. ಕೇಳಿಸಿಕೊಂಡವಳು ಮಾತ್ರ ಕನ್ನಡಿ ಮುಂದೆ ನಿಂತು ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಾಳೆ. ಅಕ್ಕನಿಗೆ ಧೈರ್ಯ ಕೊಟ್ಟದ್ದು ಬಳೆಗಾರ. ಕಳೆದ ಶ್ರಾವಣದಲ್ಲಿ ಎಂದಿನಂತೆ 'ಎರಡೂ ಎಂಟು' ತೆಗೆದವನು ಕೈ ಒತ್ತಿ ನೋಡಿ, ಅದನ್ನು ಹಾಗೇ ಒಳಗಿಟ್ಟು 'ಎರಡೂ ಆರು' ತೆಗೆದನಂತೆ. ಒಂದು ಬಳೆಯೂ ಒಡೆಯದೆ ಏರಿದವು. ಇದನ್ನು ಹೇಳುವಾಗ ಅವಳು ಎರಡೂ ಕೈ ಮುಂದೆ ಚಾಚಿದಳು. ಹಸಿರು ಗಾಜು, ಕೈಗೆ ಹನ್ನೆರಡು.

ಕ್ಯಾಲೆಂಡರಿನಲ್ಲಿ ಖಾಲಿ ವಾರಗಳೂ ಇವೆ. ಸುಗ್ಗಿಯದ್ದು, ಜ್ವರದ್ದು. ಎರಡನೆಯ ವರ್ಷದ ಮೇ ತಿಂಗಳಲ್ಲಿ ಹತ್ತೊಂಬತ್ತು ದಿನ ಒಂದೂ ಗೀಟಿಲ್ಲ. ಮೈದುನನ ಮಗಳ ಮದುವೆ ಕಳೆದು ತೂಕ ಎರಡು ಕೆಜಿ ಏರಿತ್ತು. "ಸಾಕು ಬಿಡು ಅನ್ನಿಸ್ಬಿಡ್ತು ಕಣೇ. ಇಷ್ಟು ದಿನ ನಡ್ದಿದ್ದೆಲ್ಲ ಮೂರು ದಿನದ ಊಟಕ್ಕೆ ಹೋಯ್ತಲ್ಲ ಅಂತ." ಇಪ್ಪತ್ತನೆಯ ಬೆಳಿಗ್ಗೆ ದೊಡ್ಡಮ್ಮ ಬಾಗಿಲಿಗೆ ಬಂದು ಕೋಲು ಕುಟ್ಟಿದರು. ಬುದ್ಧಿ ಹೇಳಲಿಲ್ಲ. "ನೀ ಬರ್ದಿದ್ರೆ ನಮ್ಗೂ ಇಲ್ಲ ಕಣಮ್ಮ. ಇಬ್ರೇ ಹೋಗಾಕೆ ಹೆದ್ರಿಕೆ. ನನ್ ಮಂಡಿ ನೋವು ಮತ್ತೆ ಶುರುವಾಗೈತೆ" ಎಂದಷ್ಟೇ ಹೇಳಿ ಕಟ್ಟೆಯ ಮೇಲೆ ಕೂತರು. ಅಕ್ಕ ಶೂ ಹುಡುಕಿದಳು.

ನಾನು ಎರಡು ಸಲ ಸೋತದ್ದು ಯಾಕೆಂದು ಆ ಬಾಗಿಲ ಮುಂದಿನ ಕಟ್ಟೆ ನೋಡಿದಾಗ ತಿಳಿಯಿತು. ನನ್ನ ಮೊಬೈಲಿನಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಇತ್ತು, ಗೋಡೆಯ ಮೇಲೆ ಗುರಿಯಿತ್ತು. ನಾನು ಬರದಿದ್ದರೆ ನಡೆಯಲಾಗದವರು ಒಬ್ಬರೂ ಇರಲಿಲ್ಲ. ಹುಮ್ಮಸ್ಸು ಎಂಬುದು ಮೂರು ವರ್ಷ ಬಾಳುವ ಸರಕಲ್ಲ. ಯಾರ ಹುಮ್ಮಸ್ಸೂ ಮಾರ್ಗಶಿರದ ಚಳಿಯಲ್ಲಿ ದಿನಾ ಏಳುವುದಿಲ್ಲ. ಈ ಮೂವರಲ್ಲಿ ದಿನಕ್ಕೊಬ್ಬರಿಗೆ ಬೇಡವಾಗಿರುತ್ತದೆ. ಉಳಿದಿಬ್ಬರು ಅರಳೀಕಟ್ಟೆಯಲ್ಲಿ ನಿಂತಿರುತ್ತಾರೆಂದು ಆ ಒಬ್ಬರು ಎದ್ದು ಬರುತ್ತಾರೆ.

ಈ ತಿಂಗಳ ಮೊದಲ ಚೌಕದಲ್ಲಿ 69.8 ಎಂದಿದೆ. ತಿಂಗಳಿಗೆ ಅರ್ಧ ಕೆಜಿಯೂ ಬೀಳದ ವೇಗ. ಅಕ್ಕನಿಗೆ ಇನ್ನೂ ಐದು ಕೆಜಿ ಇಳಿಸುವ ಆಸೆಯಿದೆ, ಅವಸರವಿಲ್ಲ. ಹಾಲಿನ ಡೇರಿಯ ಹತ್ತಿರ ಇನ್ನಿಬ್ಬರು ಹೆಂಗಸರು "ನಾವೂ ಬರಬೌದಾ?" ಎಂದು ಕೇಳಿದ್ದಾರಂತೆ.

ನಿಮ್ಮೂರ ಬೀದಿಯಲ್ಲೂ ಬೆಳಿಗ್ಗೆ ಸೀರೆಗೆ ಶೂ ಹಾಕಿಕೊಂಡು ಒಬ್ಬಳೇ ಬಿರಬಿರನೆ ನಡೆಯುವ ಹೆಂಗಸು ಇದ್ದಾಳು. ದಯವಿಟ್ಟು ಅವಳನ್ನು ಸೊರಗಿದ್ದೀಯ ಎನ್ನಬೇಡಿ, ಎಷ್ಟು ಇಳಿಯಿತು ಎಂದೂ ಕೇಳಬೇಡಿ. ನಾಳೆ ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಕೇಳಿ, ಆ ಹೊತ್ತಿಗೆ ಬಂದು ನಿಲ್ಲಿ.