ತೋಟಕ್ಕೆ ದೂರವ್ಯಾಪ್ತಿಯ ಕಾರ್ಡ್‌ಲೆಸ್ ಫೋನು: ತರಬಹುದೇ? ತಂದರೆ ನಡೆದೀತೇ?

ಮಳೆಗಾಲ ಸಮೀಪಿಸಿದಂತೆ ಸದಸ್ಯ ಬಾಂಧವರಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮನೆಯಲ್ಲಿ ಫೋನಿದೆ, ಕೆಲವರ ಮನೆಗೆ ಫೈಬರ್ ತಂತಿಯೂ ಬಂದಿದೆ. ಆದರೆ ಅಂಗಳ ದಾಟಿ ಹಳ್ಳದ ಕಡೆ ಇಳಿದರೆ ಮೊಬೈಲಿನಲ್ಲಿ ಒಂದು ಗೆರೆಯೂ ಕಾಣುವುದಿಲ್ಲ. ಮನೆಯ ಫೋನಿಗೆ ಜೋಡಿಸಿ, ಮಾಡಿನ ಮೇಲೆ ಆಂಟೆನಾ ನಿಲ್ಲಿಸಿದರೆ ಐದು ಹತ್ತು ಕಿಲೋಮೀಟರ್ ದೂರದಿಂದ ಮಾತನಾಡಬಹುದಾದ ಕಾರ್ಡ್‌ಲೆಸ್ ಸೆಟ್ಟು ಸಿಗುತ್ತದಂತೆ, ತರಿಸಬಹುದೇ ಎಂಬುದು ಆ ಪ್ರಶ್ನೆ.

ಪ್ರಶ್ನೆ ಹಗುರವಾದುದಲ್ಲ. ಕೊನೆಗಾರ ಮರದಿಂದ ಜಾರಿದಾಗ, ಕಾಫಿ ಕೊಯ್ಯುವ ಹೆಂಗಸಿಗೆ ಹಾವು ಕಚ್ಚಿದಾಗ, ಗಾಳಿಗೆ ಸಿಲ್ವರ್ ಮರ ಮುರಿದು ಕರೆಂಟಿನ ತಂತಿ ತೋಟದೊಳಗೆ ಬಿದ್ದಾಗ, ಮನೆಯವರೆಗೆ ಓಡಿಬಂದು ಸುದ್ದಿ ಮುಟ್ಟಿಸುವುದರೊಳಗೆ ಅಮೂಲ್ಯವಾದ ಹೊತ್ತು ಕಳೆದಿರುತ್ತದೆ. ಆದ್ದರಿಂದ ಕಾನೂನು ಏನು ಹೇಳುತ್ತದೆ, ನಮ್ಮ ಗುಡ್ಡ ಕಣಿವೆಗಳಲ್ಲಿ ಇಂಥ ಫೋನು ಎಷ್ಟು ಕೆಲಸಕ್ಕೆ ಬಂದೀತು, ಇದನ್ನು ಬಿಟ್ಟು ಬೇರೆ ದಾರಿ ಏನಿದೆ ಎಂಬುದನ್ನು ತುಸು ವಿವರವಾಗಿಯೇ ನೋಡೋಣ.

ಮೊದಲು ಕಾನೂನು. ಕಾರ್ಡ್‌ಲೆಸ್ ಫೋನು ನೋಡಲು ಫೋನೇ ಆದರೂ ಕಾನೂನಿನ ಕಣ್ಣಿಗೆ ಅದೊಂದು ರೇಡಿಯೋ ಪ್ರೇಷಕ. ನಮ್ಮ ದೇಶದಲ್ಲಿ 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯ ಪ್ರಕಾರ, ಪರವಾನಗಿ ಇಲ್ಲದೆ ಇಂಥ ಉಪಕರಣವನ್ನು ಬಳಸುವುದಿರಲಿ, ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಹಿರಿಯರಿಗೆ ರೇಡಿಯೋ ಲೈಸೆನ್ಸಿನ ಪುಸ್ತಕ ನೆನಪಿರಬಹುದು. ಹಾಡು, ವಾರ್ತೆ ಕೇಳುವ ಪೆಟ್ಟಿಗೆಗೂ ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಬೇಕಾಗಿತ್ತು. ಕೇಳುವ ಪೆಟ್ಟಿಗೆಯ ಲೈಸೆನ್ಸು 1980ರ ದಶಕದಲ್ಲಿ ಹೋಯಿತು. ಮಾತನ್ನು ಗಾಳಿಗೆ ಬಿಡುವ ಉಪಕರಣಕ್ಕೆ ಮಾತ್ರ ನಿರ್ಬಂಧ ಉಳಿಯಿತು. ಪರವಾನಗಿಯಿಲ್ಲದ ಪ್ರೇಷಕ ಇಟ್ಟುಕೊಂಡವರಿಗೆ ಆ ಕಾಯಿದೆ ಮೂರು ವರ್ಷದವರೆಗಿನ ಸೆರೆವಾಸವನ್ನು ಹೇಳಿತ್ತು. ಈ ಕಾಯಿದೆಯ ಮತ್ತು 1885ರ ಟೆಲಿಗ್ರಾಫ್ ಕಾಯಿದೆಯ ಸ್ಥಾನದಲ್ಲಿ 2023ರಲ್ಲಿ ದೂರಸಂಪರ್ಕ ಅಧಿನಿಯಮ ಬಂತು. ಅದರ ಹಲವು ಭಾಗಗಳು 2024ರ ಜೂನ್ 26ರಿಂದ ಜಾರಿಯಾದವು. ಹೆಸರು ಬದಲಾಗಿದೆ, ಮೂಲ ನಿಯಮ ಬದಲಾಗಿಲ್ಲ: ರೇಡಿಯೋ ಉಪಕರಣಕ್ಕೆ ಒಂದೋ ಸರ್ಕಾರದ ಅನುಮತಿ ಇರಬೇಕು, ಇಲ್ಲವೇ ಅದು ವಿನಾಯಿತಿ ಪಡೆದ ವರ್ಗಕ್ಕೆ ಸೇರಿರಬೇಕು.

ವಿನಾಯಿತಿ ಯಾವುದಕ್ಕೆ ಎಂದರೆ, ಕಡಿಮೆ ಶಕ್ತಿಯಲ್ಲಿ, ಗೊತ್ತುಪಡಿಸಿದ ತರಂಗಪಟ್ಟಿಯಲ್ಲಿ ಕೆಲಸ ಮಾಡುವ ಉಪಕರಣಗಳಿಗೆ. ಅಂಗಡಿಗಳಲ್ಲಿ ಬಿಲ್ಲು ಕೊಟ್ಟು ಮಾರುವ ಸಾಮಾನ್ಯ ಡಿಜಿಟಲ್ ಕಾರ್ಡ್‌ಲೆಸ್ ಫೋನುಗಳು 1880ರಿಂದ 1900 ಮೆಗಾಹರ್ಟ್ಸ್ ಪಟ್ಟಿಯವು. ಇವನ್ನು ಡೆಕ್ಟ್ ಫೋನುಗಳೆನ್ನುತ್ತಾರೆ. ಇವುಗಳ ಬಗ್ಗೆ ಯಾರೂ ಹೆದರಬೇಕಾಗಿಲ್ಲ. ತೊಂದರೆ ಇರುವುದು ‘ಲಾಂಗ್ ರೇಂಜ್’ ಎಂದು ಪಿಸುಮಾತಿನಲ್ಲಿ ಮಾರಾಟವಾಗುವ ಸೆಟ್ಟುಗಳಲ್ಲಿ. ಇವುಗಳಲ್ಲಿ ಹಲವು ಬೇರೆ ಇಲಾಖೆಗಳಿಗೆ, ಬೇರೆ ಸೇವೆಗಳಿಗೆ ಹಂಚಿಕೆಯಾದ ತರಂಗಗಳಲ್ಲಿ, ಹತ್ತಾರು ಪಟ್ಟು ಹೆಚ್ಚಿನ ಶಕ್ತಿಯಲ್ಲಿ ಕೆಲಸ ಮಾಡುತ್ತವೆ. ಪೆಟ್ಟಿಗೆಯ ಮೇಲೆ ಏನೇ ಅಚ್ಚಾಗಿರಲಿ, ಇಂಥವಕ್ಕೆ ಇಲ್ಲಿ ವಿನಾಯಿತಿ ಇಲ್ಲ.

ಹೊರದೇಶದಲ್ಲಿರುವ ಮಗನೋ ಅಳಿಯನೋ ಪ್ರೀತಿಯಿಂದ ತಂದುಕೊಡುವ ಸೆಟ್ಟಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಅಮೆರಿಕದಲ್ಲಿ ಎಂಜೀನಿಯಸ್ ಎಂಬ ಕಂಪನಿಯ ಡ್ಯುರಾಫೋನ್ ಎಂಬ ದೂರವ್ಯಾಪ್ತಿಯ ಕಾರ್ಡ್‌ಲೆಸ್ ಇದೆ. ಮೂರು ಸಾವಿರ ಎಕರೆಯ ಜಮೀನಿಗೆ ಸಾಕು ಎಂದು ಅದರ ಪ್ರಚಾರ. ಅದು 902ರಿಂದ 928 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಆ ಪಟ್ಟಿ ಅಲ್ಲಿ ಪರವಾನಗಿ ಬೇಡದ್ದು, ಆದ್ದರಿಂದ ಅಲ್ಲಿ ಅದು ಪೂರ್ತಿ ಕಾನೂನುಬದ್ಧ. ನಮ್ಮಲ್ಲಿ ಹಾಗಲ್ಲ. 890ರಿಂದ 915 ಮೆಗಾಹರ್ಟ್ಸ್‌ನಲ್ಲಿ ನಮ್ಮ ಮೊಬೈಲುಗಳು ಟವರಿಗೆ ಮಾತು ಕಳುಹಿಸುತ್ತವೆ. ಗುಡ್ಡದ ತುದಿಯ ಟವರು ದೂರದ ಮೊಬೈಲಿನ ಕ್ಷೀಣ ದನಿಗೆ ಕಿವಿಗೊಟ್ಟು ಕುಳಿತಿರುತ್ತದೆ. ಹತ್ತಿರದ ಒಂದು ಮನೆಯ ಮಾಡಿನಿಂದ ಅದೇ ತರಂಗದಲ್ಲಿ ಒಂದು ವ್ಯಾಟಿನ ಗದ್ದಲ ಎದ್ದರೆ ಆ ದನಿ ಮುಳುಗಿಹೋಗುತ್ತದೆ. ಒಬ್ಬರ ತೋಟಕ್ಕೆ ಅನುಕೂಲವಾಗಲೆಂದು ಇಟ್ಟ ಸೆಟ್ಟಿನಿಂದ ಊರಿಗೇ ಇರುವ ಒಂದು ಟವರು ಕಿವುಡಾಗಬಹುದು. ಆಂಬ್ಯುಲೆನ್ಸ್ ಕರೆಯುವವರ ಕರೆ ಹೋಗದಿರಲು ತಾನು ಕಾರಣ ಎಂಬುದು ಸೆಟ್ಟಿನ ಯಜಮಾನರಿಗೆ ಗೊತ್ತೂ ಆಗುವುದಿಲ್ಲ.

ಅಮೆರಿಕದ ‘ಡೆಕ್ಟ್ 6.0’ ಎಂಬ ಸಣ್ಣ ಫೋನುಗಳೂ ಇದೇ ಜಾತಿಯ ತೊಂದರೆ ಕೊಡುತ್ತವೆ. ಅವುಗಳ ಪಟ್ಟಿ 1920ರಿಂದ 1930. ಅದು ಇಲ್ಲಿ ಮೊಬೈಲ್ ಕಂಪನಿಗಳಿಗೆ ಹಂಚಿಕೆಯಾದ 1920–1980ರ ಒಳಗೇ ಬರುತ್ತದೆ. ಹೆಸರಿನಲ್ಲಿ ಡೆಕ್ಟ್ ಇದೆಯೆಂದು ನಂಬಕೂಡದು; ತಳದ ಚೀಟಿಯಲ್ಲಿರುವ ಅಂಕಿ ನೋಡಬೇಕು.

ಸಿಕ್ಕಿಬೀಳುವುದು ಅಪರೂಪವಲ್ಲವೇ ಎಂದು ಕೇಳುವವರಿದ್ದಾರೆ. ಕೇಂದ್ರ ಸರ್ಕಾರದ ವೈರ್‌ಲೆಸ್ ಮೇಲ್ವಿಚಾರಣಾ ಸಂಸ್ಥೆಗೆ ತರಂಗ ಎಲ್ಲಿಂದ ಬರುತ್ತಿದೆ ಎಂದು ದಿಕ್ಕು ಹಿಡಿಯುವ ಉಪಕರಣಗಳಿವೆ, ದೂರು ಬಂದರೆ ಗಾಡಿಯಲ್ಲಿ ಬಂದು ಹುಡುಕುತ್ತಾರೆ. ಘಟ್ಟದ ಕಾಡುಗಳಲ್ಲಿ ಉಪಗ್ರಹ ಫೋನಿನ ಸುಳಿವು ಸಿಕ್ಕಿತೆಂಬ ವರದಿಗಳನ್ನು ಪತ್ರಿಕೆಗಳಲ್ಲಿ ನಾವು ಓದಿಯೇ ಇದ್ದೇವೆ. ಇಂಥ ಸೀಮೆಯಲ್ಲಿ ಮಾಡಿನ ಮೇಲೊಂದು ಗುರುತಿಲ್ಲದ ಆಂಟೆನಾ ನಿಲ್ಲಿಸಿ ಪೊಲೀಸರಿಗೆ ಉತ್ತರ ಕೊಡುವ ಉಸಾಬರಿ ಬೆಳೆಗಾರನಿಗೆ ಬೇಡ. (ಉಪಗ್ರಹ ಫೋನನ್ನೂ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ, ಹೋಂ ಸ್ಟೇ ನಡೆಸುವವರು ವಿದೇಶಿ ಅತಿಥಿಗಳಿಗೆ ಮೊದಲೇ ಹೇಳಿಬಿಡುವುದು ಲೇಸು.)

ಕಾನೂನನ್ನು ಬದಿಗಿಟ್ಟರೂ ಈ ಸೆಟ್ಟು ನಮ್ಮ ತೋಟದಲ್ಲಿ ಹೇಳಿದಷ್ಟು ದೂರ ನಡೆಯುವುದಿಲ್ಲ. ಹತ್ತು ಮೀಟರ್ ಎತ್ತರದ ಆಂಟೆನಾದಿಂದ, ಕೈಯಲ್ಲಿ ಹಿಡಿದ ಫೋನಿನವರೆಗೆ, ಮಧ್ಯೆ ಏನೂ ಅಡ್ಡವಿಲ್ಲದ ಬಯಲಿನಲ್ಲಿ ಲೆಕ್ಕ ಹಾಕಿದರೆ ಹದಿನೆಂಟು ಕಿಲೋಮೀಟರ್ ತನಕ ರೇಡಿಯೋ ದೃಷ್ಟಿ ಸಿಗುತ್ತದೆ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗಳೆಲ್ಲ ಹುಟ್ಟುವುದು ಇಂಥ ಲೆಕ್ಕದಿಂದ. ಸಮುದ್ರದ ಮೇಲೆ, ಬಯಲುಸೀಮೆಯ ಹೊಲದಲ್ಲಿ ಅದಕ್ಕೆ ಹತ್ತಿರ ಹೋಗಬಹುದೇನೋ. ನಮ್ಮಲ್ಲಿ ಮನೆ ಒಂದು ಮಗ್ಗುಲಲ್ಲಿ, ಅಡಿಕೆ ತೋಟ ಹಳ್ಳದ ತಳದಲ್ಲಿ, ಕಾಫಿ ಇಳಿಜಾರಿನಲ್ಲಿ, ನಡುವೆ ಒಂದು ದಿಣ್ಣೆ. ಆ ದಿಣ್ಣೆಯ ಮಣ್ಣನ್ನು ತೂರಿ ಹೋಗುವ ಶಕ್ತಿ ಈ ತರಂಗಗಳಿಗಿಲ್ಲ. ಮೇಲಾಗಿ ಎಲೆ. ನೆರಳು ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ, ಒಂದೊಂದು ಪದರವೂ ತರಂಗವನ್ನು ಹೀರುತ್ತದೆ; ಎಲೆ ನೆನೆದಿದ್ದರೆ ಇನ್ನೂ ಹೆಚ್ಚು. ಅಂದರೆ ಫೋನು ಅತ್ಯಂತ ಬೇಕಾದ ಆಷಾಢದ ದಿನಗಳಲ್ಲೇ ಅದರ ವ್ಯಾಪ್ತಿ ಕುಗ್ಗುತ್ತದೆ.

ಶಕ್ತಿ ಹೆಚ್ಚಿಸಿದರಾಯಿತು ಎಂಬ ಉಪಾಯವೂ ದುಬಾರಿ. ಖಾಲಿ ಆಕಾಶದಲ್ಲಿ ದೂರ ಎರಡರಷ್ಟಾಗಲು ಶಕ್ತಿ ನಾಲ್ಕರಷ್ಟು ಬೇಕು. ನೆಲಕ್ಕೆ ಹತ್ತಿರವಾಗಿ ಸಾಗುವ ತರಂಗಕ್ಕೆ ಸುಮಾರು ಹದಿನಾರರಷ್ಟು ಬೇಕು. ಮನೆಯ ಪೆಟ್ಟಿಗೆಗೆ ಅಷ್ಟು ಕೊಟ್ಟರೂ ಕೈಯಲ್ಲಿರುವ ಫೋನಿನ ಬ್ಯಾಟರಿ ಅಷ್ಟು ಕೊಡಲಾರದು. ಹೀಗಾಗಿ ತೋಟದಲ್ಲಿ ರಿಂಗ್ ಬರುತ್ತದೆ, ಆ ಕಡೆಯ ಮಾತು ಕೇಳುತ್ತದೆ, ನಾವಾಡಿದ್ದು ಮಾತ್ರ ಮನೆ ಮುಟ್ಟುವುದಿಲ್ಲ.

ಸಿಡಿಲಿನ ವಿಷಯ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮಾಡಿಗಿಂತ ಎತ್ತರದ ಲೋಹದ ಕಂಬಕ್ಕೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ, ಫೋನು, ಮೋಡೆಮ್, ಟೀವಿ ಒಟ್ಟಿಗೆ ಹೋದಾವು. ಕರೆಂಟು ಹೋದರೆ ಪೆಟ್ಟಿಗೆಯೂ ಸುಮ್ಮನಾಗುತ್ತದೆ. ಹಳೆಯ ತಾಮ್ರದ ತಂತಿಯ ಫೋನು ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಪಡೆದು ಕರೆಂಟಿಲ್ಲದಾಗಲೂ ಮಾತನಾಡಿಸುತ್ತಿತ್ತು. ಕಾರ್ಡ್‌ಲೆಸ್ಸಿಗೂ ಫೈಬರಿಗೂ ಆ ಭಾಗ್ಯವಿಲ್ಲ. ಇನ್ನು ಹಳೆಯ ಮಾದರಿಯ ಅನಲಾಗ್ ಸೆಟ್ಟಾದರೆ ಮೆಣಸಿನ ವ್ಯಾಪಾರದ ಗುಟ್ಟನ್ನು ಆಚೆ ಗುಡ್ಡದವರೂ ಕೇಳಬಹುದು.

ಹಾಗಾದರೆ ಏನು ಮಾಡಬೇಕು? ಮೊದಲು ಅಳತೆ ಮಾಡಿಕೊಳ್ಳಿ ಎನ್ನುತ್ತೇವೆ. ಹತ್ತು ಎಕರೆಯ ಹಿಡುವಳಿ ಚೌಕವಾಗಿದ್ದರೆ ಅದರ ಒಂದು ಬದಿ ಸುಮಾರು 200 ಮೀಟರ್ ಅಷ್ಟೆ. ಅಮೆರಿಕದ ಆ ಮೂರು ಸಾವಿರ ಎಕರೆಯೂ ಎರಡು ಕಿಲೋಮೀಟರ್ ತ್ರಿಜ್ಯದ ಒಂದು ವೃತ್ತ. ನಮ್ಮಲ್ಲಿ ಬಹುಮಂದಿಗೆ ಬೇಕಾದದ್ದು ಹತ್ತು ಕಿಲೋಮೀಟರ್ ಅಲ್ಲ. ಕಣ, ಪಂಪ್‌ಹೌಸು, ಲೈನ್ ಮನೆ, ಈ ಎರಡು ಮೂರು ಜಾಗ. ಕಾನೂನುಬದ್ಧ ಡೆಕ್ಟ್ ಫೋನು ಬಯಲಿನಲ್ಲಿ 300 ಮೀಟರ್, ಮನೆಯೊಳಗೆ 50 ಮೀಟರ್ ನಡೆಯುತ್ತದೆಂದು ತಯಾರಕರೇ ಹೇಳುತ್ತಾರೆ. ಪೆಟ್ಟಿಗೆಯನ್ನು ಒಳಕೋಣೆಯ ಗೂಡಿನಿಂದ ತೆಗೆದು ತೋಟಕ್ಕೆ ಮುಖವಾದ ಅಟ್ಟದ ಕಿಟಕಿಯ ಬಳಿ ಇಟ್ಟರೆ, ಮನೆಯೆದುರಿನ ಕಣಕ್ಕೆ ಅದೇ ಸಾಕಾಗಬಹುದು.

ಅದಕ್ಕಿಂತ ದೂರವಾದರೆ ನಮ್ಮ ಮೊದಲ ಆಯ್ಕೆ ತಂತಿಯೇ. ಸ್ವಂತ ಜಮೀನಿನೊಳಗೆ, ಪೈಪಿನಲ್ಲಿ ಹುಗಿದು, ಪಂಪ್‌ಹೌಸಿಗೆ ಒಂದು ಜೊತೆ ಟೆಲಿಫೋನ್ ಕೇಬಲ್ ಎಳೆದು ಇಂಟರ್‌ಕಾಂ ಇಟ್ಟರೆ ರೇಡಿಯೋ ಪರವಾನಗಿಯ ಮಾತೇ ಇಲ್ಲ. ಹೆಗ್ಗಣ ಮತ್ತು ಗುದ್ದಲಿ, ಇವೆರಡರಿಂದ ಕಾಪಾಡಿಕೊಳ್ಳಬೇಕು. ಕರೆಂಟಿನ ಲೈನಿನ ಪಕ್ಕಕ್ಕೆ ಒಯ್ಯಬಾರದು, ರಸ್ತೆಯನ್ನೋ ಪರರ ಜಾಗವನ್ನೋ ದಾಟಿಸುವುದಾದರೆ ಮೊದಲು ಅನುಮತಿ ಕೇಳಬೇಕು.

ಮನೆಗೆ ಫೈಬರ್ ಬಂದಿರುವವರು ಇನ್ನೊಂದು ದಾರಿ ಹಿಡಿಯಬಹುದು. ವೈಫೈಗೆ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಗೆ 2005ರಲ್ಲೂ 5 ಗಿಗಾಹರ್ಟ್ಸ್‌ನ ಪಟ್ಟಿಗಳಿಗೆ 2018ರಲ್ಲೂ ನಿಗದಿತ ಶಕ್ತಿಯ ಮಿತಿಯೊಳಗೆ ವಿನಾಯಿತಿ ದೊರೆತಿದೆ. ಮನೆಯ ಮಾಡಿನಲ್ಲೊಂದು, ಕಣದ ಶೆಡ್ಡಿನಲ್ಲೊಂದು ತಟ್ಟೆಯಂಥ ಆಂಟೆನಾವನ್ನು ಎದುರುಬದಿರಾಗಿ ಇಟ್ಟರೆ ವೈಫೈ ಅಲ್ಲಿಗೆ ಮುಟ್ಟುತ್ತದೆ. ಆದರೆ ಒಂದರಿಂದ ಇನ್ನೊಂದು ಕಣ್ಣಿಗೆ ಕಾಣಲೇಬೇಕು, ನಡುವೆ ಒಂದು ಸೋಗೆ ಬಂದರೂ ತೊಂದರೆ. ಅಲ್ಲಿಂದ ಮಾತನಾಡಲು ಬೇರೆ ಫೋನು ಬೇಡ: ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ವೈಫೈ ಮೂಲಕ ಕರೆ ಮಾಡುವ ಸೌಲಭ್ಯ ತಂದವು. ಮೊಬೈಲಿನ ಸೆಟ್ಟಿಂಗಿನಲ್ಲಿ ಅದನ್ನು ಒಮ್ಮೆ ಚಾಲೂ ಮಾಡಿದರೆ ಟವರಿಲ್ಲದ ಕಡೆಯೂ ಅದೇ ನಂಬರಿಗೆ ಕರೆ ಬರುತ್ತದೆ. ಸಣ್ಣ ಬೆಳೆಗಾರನಿಗೆ ಸದ್ಯಕ್ಕೆ ಇದಕ್ಕಿಂತ ಒಳ್ಳೆಯ ‘ದೂರವ್ಯಾಪ್ತಿಯ ಕಾರ್ಡ್‌ಲೆಸ್’ ಇಲ್ಲವೆಂಬುದು ನಮ್ಮ ಅಭಿಪ್ರಾಯ. ಮೋಡೆಮಿಗೂ ತಟ್ಟೆಗಳಿಗೂ ಸೇರಿ ಒಂದು ಸಣ್ಣ ಇನ್ವರ್ಟರ್ ಇಡುವುದನ್ನು ಮರೆಯಬಾರದು.

ತೋಟದೊಳಗೆ ಅತ್ತಿಂದಿತ್ತ ಓಡಾಡುವ ಮೇಸ್ತ್ರಿಗೆ ವಾಕಿಟಾಕಿ ಕೊಡಬಹುದೇ? ಕೊಡಬಹುದು, ವಿನಾಯಿತಿಯ ಪಟ್ಟಿಯದ್ದಾದರೆ. 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಪರವಾನಗಿ ಬೇಡ, ಆದರೆ ಆ ಮಾದರಿಗೆ ಇಟಿಎ ಎಂಬ ಸರ್ಕಾರಿ ಅನುಮೋದನೆ ಇರಬೇಕು. 27 ಮೆಗಾಹರ್ಟ್ಸ್ ಸುತ್ತಿನ ಸಿಟಿಜನ್ ಬ್ಯಾಂಡಿಗೂ 5 ವ್ಯಾಟಿನ ಮಿತಿಯಲ್ಲಿ ವಿನಾಯಿತಿಯಿದೆ. ಆನ್‌ಲೈನಿನಲ್ಲಿ ಕಂಡದ್ದೆಲ್ಲ ಸರಿಯೆಂದು ತಿಳಿಯಬೇಡಿ. ಅನುಮೋದನೆಯಿಲ್ಲದ ವಾಕಿಟಾಕಿಗಳನ್ನು ಮಾರಾಟಕ್ಕಿಟ್ಟ ಬಗ್ಗೆ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ಹದಿಮೂರು ನೋಟೀಸು ಕೊಟ್ಟಿತು. ತರಂಗಪಟ್ಟಿ ಮತ್ತು ಅನುಮೋದನೆಯ ವಿವರವನ್ನು ಸರಕಿನ ಜೊತೆಯಲ್ಲೇ ತೋರಿಸಬೇಕೆಂಬ ಮಾರ್ಗಸೂಚಿಯೂ ಅದೇ ತಿಂಗಳು ಹೊರಟಿತು. ಆ ವಿವರ ಕೊಡದ ಅಂಗಡಿಯವನಿಂದ ಕೊಳ್ಳಕೂಡದು. ಹ್ಯಾಮ್ ಲೈಸೆನ್ಸ್ ಪಡೆದವರೂ ಅದನ್ನು ತೋಟದ ವ್ಯವಹಾರಕ್ಕೆ ಬಳಸುವಂತಿಲ್ಲ.

ಅಪಘಾತದ ವೇಳೆಗೆ ಒಂದು ಮಾತು ಆಳುಗಳಿಗೂ ತಿಳಿದಿರಲಿ. ನಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರು ನಿಲುಕುವ ಕಡೆ 112ಕ್ಕೆ ಕರೆ ಹೋಗಬಲ್ಲದು. ಆದ್ದರಿಂದ ತೋಟದಲ್ಲಿ ಯಾವ ಬಂಡೆಯ ಮೇಲೆ, ಯಾವ ದಿಣ್ಣೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆಂದು ಬೇಸಿಗೆಯಲ್ಲೇ ನೋಡಿ ಗುರುತು ಹಾಕಿಡಿ. ಇದಕ್ಕೆ ಕಾಸು ಖರ್ಚಿಲ್ಲ.

ಹಳೆಯ ಲಾಂಗ್ ರೇಂಜ್ ಸೆಟ್ಟು ಈಗಾಗಲೇ ಮನೆಯಲ್ಲಿ ಇರುವವರು ಅದರ ಪ್ಲಗ್ಗು ತೆಗೆದು ಆಂಟೆನಾ ಇಳಿಸಬೇಕು. ಅದನ್ನು ಪಕ್ಕದವರಿಗೆ ಮಾರುವುದಾಗಲಿ, ಆನ್‌ಲೈನಿನಲ್ಲಿ ಹಾಕುವುದಾಗಲಿ ಬೇಡ. ಇಂಥ ಉಪಕರಣದ ಮಾರಾಟಕ್ಕೂ ನಿರ್ಬಂಧವಿದೆ. ಹೊಸದು ಕೊಳ್ಳಲು ಹೊರಟವರು ಹಣ ಕೊಡುವ ಮೊದಲು ಸೆಟ್ಟಿನ ತಳದ ಚೀಟಿಯ ಫೋಟೋ ತೆಗೆದು ತಂದರೆ, ಸಂಘದ ಕಚೇರಿಯಲ್ಲಿ ಕುಳಿತು ಅದರ ಅಂಕಿಗಳನ್ನು ಒಟ್ಟಿಗೆ ಓದೋಣ.