ವೈದ್ಯವಿದ್ಯೆಗೆ ಮತ್ತೊಂದು ವರ್ಷ

ಜೂನ್ ತಿಂಗಳಿನಲ್ಲಿ ನೀಟ್ ಪರೀಕ್ಷೆಯ ಫಲಿತಾಂಶ ಪ್ರಕಟವಾದ ಬಳಿಕ ನಮ್ಮ ತೆಂಗಿನ ಸೀಮೆಯ ಅನೇಕ ಸದ್ಭಕ್ತರ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಮಗನಿಗೋ ಮಗಳಿಗೋ ವೈದ್ಯಕೀಯ ಪ್ರವೇಶಕ್ಕೆ ಬೇಕಾದಷ್ಟು ಅಂಕ ಬಂದಿಲ್ಲ. ಇನ್ನೊಂದು ವರ್ಷ ಓದಿಸಿ ಮತ್ತೆ ಬರೆಸಬೇಕೆ, ಸಾಲ ಮಾಡಿ ಸೀಟು ಕೊಡಿಸಬೇಕೆ, ಅಥವಾ ಬೇರೆ ವಿದ್ಯೆಗೆ ಕಳುಹಿಸಬೇಕೆ? ಒಂದು ಕುಟುಂಬದ ಹತ್ತಾರು ವರ್ಷಗಳ ಸಂಪಾದನೆ, ಒಂದು ಎಳೆಯ ಮನಸ್ಸಿನ ಆತ್ಮವಿಶ್ವಾಸ, ಕೆಲವೊಮ್ಮೆ ಆ ಜೀವವೇ ಈ ನಿರ್ಧಾರವನ್ನು ಅವಲಂಬಿಸಿರುತ್ತದೆ. ಆದುದರಿಂದ ಇದನ್ನು ಸಾವಧಾನವಾಗಿ ವಿಚಾರಿಸುವುದು ಅವಶ್ಯವೆಂದು ಭಾವಿಸಿದ್ದೇವೆ.

ಒಂದು ಮನೆಯ ಪ್ರಶ್ನೆ

2025ರ ಜೂನ್ 14ರಂದು ಫಲಿತಾಂಶ ಬಂದ ಕೆಲವು ದಿನಗಳ ಮೇಲೆ ನಾವು ತುರುವೇಕೆರೆ ತಾಲ್ಲೂಕಿನ ಮಾಯಸಂದ್ರ ಹೋಬಳಿಯ ಗ್ರಾಮವೊಂದಕ್ಕೆ ಗೃಹಪ್ರವೇಶದ ನಿಮಿತ್ತ ಹೋಗಿದ್ದೆವು. ಪ್ರಸಾದವಾದ ಬಳಿಕ ನೆರೆಮನೆಯ ಹಿರಿಯರೊಬ್ಬರು ನಮ್ಮನ್ನು ತಮ್ಮ ಮನೆಗೆ ಕರೆದೊಯ್ದು, ಜಗಲಿಯಲ್ಲಿ ಕುಳ್ಳಿರಿಸಿ, ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡರು:

"ಬುದ್ಧೀ, ತೋಟ ಅಡ ಇಟ್ಟಾದ್ರೂ ಸೀಟು ಕೊಡಿಸಾಣ ಅಂತಾನೆ ಮಗ. ಇನ್ನೊಂದ್ ವರ್ಷ ಓದ್ತೀನಿ ಅಂತಾಳೆ ಮೊಮ್ಮಗಳು. ಮದುವೆ ಮಾಡಿ ಮುಗಿಸಿ ಅಂತಾರೆ ನೆಂಟರು. ನಾನು ಯಾರ ಮಾತು ಕೇಳ್ಲಿ?"

ಮೊಮ್ಮಗಳು ಬಾಗಿಲ ಬಳಿ ತಲೆತಗ್ಗಿಸಿ ನಿಂತಿದ್ದಳು. ವೈದ್ಯಳೇ ಆಗಬೇಕೆಂಬ ಹಂಬಲ ಏಕೆ ತಾಯಿ ಎಂದು ಕೇಳಿದೆವು. "ರಾತ್ರಿ ಹೊತ್ತು ನಮ್ಮೂರಲ್ಲಿ ನಾಡಿ ನೋಡೋರು ಯಾರೂ ಇಲ್ಲ ಬುದ್ಧಿ. ಅಜ್ಜಿಗೆ ಪಾರ್ಶ್ವವಾಯು ಆದಾಗ ಗಾಡಿ ಸಿಗೋ ಹೊತ್ತಿಗೆ ಬೆಳಗಾಗಿತ್ತು" ಎಂದಳು. ಹಂಬಲ ಅವಳ ಸ್ವಂತದ್ದು, ಯಾರೂ ಹೇರಿದ್ದಲ್ಲ ಎಂಬುದು ಆ ಮಾತಿನಿಂದ ತಿಳಿಯಿತು. ಮತ್ತೊಂದು ವರ್ಷ ಓದಿಸುವ ಮೊದಲು ತಂದೆತಾಯಿಗಳು ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಅಪ್ಪನ ಪ್ರತಿಷ್ಠೆಗಾಗಿ ಅಥವಾ ಓರಗೆಯವರ ಮಗ ಡಾಕ್ಟರಾದನೆಂಬ ಮತ್ಸರಕ್ಕಾಗಿ ಓದುವ ಮಗುವಿಗೆ ಎರಡನೆಯ ವರ್ಷವು ಸೆರೆಮನೆಯಾಗುತ್ತದೆ.

ಪರೀಕ್ಷೆ ನಡೆದುಬಂದ ದಾರಿ

ಹಿಂದೆ ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳ ಸೀಟು ಹಣವುಳ್ಳವರ ಸೊತ್ತಾಗಿದ್ದಿತು. 1984ರಲ್ಲಿ ಕರ್ನಾಟಕವು ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯಿದೆಯನ್ನು ಮಾಡಿತು. 1993ರ ಉನ್ನಿಕೃಷ್ಣನ್ ಪ್ರಕರಣದ ತೀರ್ಪಿನ ಬಳಿಕ 1994ರಲ್ಲಿ ಸಿ.ಇ.ಟಿ. ಆರಂಭವಾಯಿತು, ಹಳ್ಳಿಯ ರೈತನ ಮಗನೂ ರ‍್ಯಾಂಕಿನ ಬಲದಿಂದ ವೈದ್ಯನಾಗಬಹುದೆಂಬ ಧೈರ್ಯವನ್ನು ಅದು ತಂದಿತು. 2013ರಲ್ಲಿ ಮೊದಲ ಸಲ ನಡೆದ ನೀಟ್ ಪರೀಕ್ಷೆ ಅದೇ ವರ್ಷ ಸುಪ್ರೀಂ ಕೋರ್ಟಿನಿಂದ ರದ್ದಾಗಿ, 2016ರಲ್ಲಿ ಮರಳಿ ಬಂದಿತು. 2017ರಿಂದ ನಮ್ಮ ಸರ್ಕಾರಿ ಸೀಟುಗಳಿಗೂ ಅದೇ ಆಧಾರವಾಯಿತು. ಅದೇ ವರ್ಷದಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯತೊಡಗಿತು.

2025ರಲ್ಲಿ ದೇಶದಾದ್ಯಂತ 22 ಲಕ್ಷಕ್ಕೂ ಹೆಚ್ಚು ಮಂದಿ ಈ ಪರೀಕ್ಷೆಯನ್ನು ಬರೆದರು. ಅರ್ಹರೆನಿಸಿದವರು ಸುಮಾರು 12 ಲಕ್ಷದ 36 ಸಾವಿರ. ಎಂ.ಬಿ.ಬಿ.ಎಸ್. ಸೀಟುಗಳಾದರೋ ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಅರ್ಹರಾದ ಸುಮಾರು ಹತ್ತು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಸ್ಥಳವಿದೆ. ಸೀಟು ದೊರೆಯದ ಉಳಿದ ಮಕ್ಕಳನ್ನೆಲ್ಲ ದಡ್ಡರೆಂದು ಕರೆಯುವುದು ಎಷ್ಟು ಅವಿವೇಕವೆಂಬುದನ್ನು ಓದುಗರೇ ಎಣಿಸಬಹುದು. ಆ ವರ್ಷ ಸಾಮಾನ್ಯ ವರ್ಗದ ಅರ್ಹತಾ ಅಂಕ 720ಕ್ಕೆ 144 ಆಗಿದ್ದಿತು. "ನೀಟ್ ಪಾಸಾಗಿದೆ" ಎಂಬ ಮಾತಿಗೂ "ಸೀಟು ಸಿಗುತ್ತದೆ" ಎಂಬ ಮಾತಿಗೂ ಬಹಳ ದೂರವಿದೆ.

ಅಂಕಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವುದೂ ತಪ್ಪು. 2024ರಲ್ಲಿ ಮೊದಲ ಸ್ಥಾನ ಪಡೆದವರ ಅಂಕ 720. 2025ರಲ್ಲಿ ಪ್ರಶ್ನೆಗಳು ಕಠಿಣವಾಗಿದ್ದುದರಿಂದ ಅದು 686. ನೆರೆಮನೆಯವನ ಹೋದ ವರ್ಷದ ಅಂಕವನ್ನು ಹಿಡಿದು ನಮ್ಮ ಮಗುವನ್ನು ಅಳೆಯುವುದರಿಂದ ಪ್ರಯೋಜನವಿಲ್ಲ. ನೋಡಬೇಕಾದುದು ರ‍್ಯಾಂಕನ್ನು.

ಕೊರತೆ ಎಲ್ಲಿದೆ?

ನಾವು ಆ ಹುಡುಗಿಯ ಉತ್ತರಗಳ ಲೆಕ್ಕವನ್ನು ತರಿಸಿ ನೋಡಿದೆವು. 180 ಪ್ರಶ್ನೆಗಳಲ್ಲಿ ಜೀವಶಾಸ್ತ್ರದವು 90; ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರದವು ತಲಾ 45. ಸರಿಯುತ್ತರಕ್ಕೆ ನಾಲ್ಕು ಅಂಕ. ತಪ್ಪಿದರೆ ಒಂದು ಅಂಕ ಕಳೆಯುತ್ತಾರೆ. ಜೀವಶಾಸ್ತ್ರದಲ್ಲಿ 72 ಸರಿ, 18 ತಪ್ಪು, ಅಂಕ 270. ರಸಾಯನಶಾಸ್ತ್ರದಲ್ಲಿ 27 ಸರಿ, 18 ತಪ್ಪು; ಅಂಕ 90. ಭೌತಶಾಸ್ತ್ರದಲ್ಲಿ 15 ಸರಿ, 30 ತಪ್ಪು; ಅಂಕ 30. ಒಟ್ಟು 390.

ಈ ಲೆಕ್ಕದಲ್ಲಿ ರೋಗವೂ ಇದೆ, ಔಷಧವೂ ಇದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಆಕೆ ಪಿ.ಯು.ಸಿ.ಯಲ್ಲಿ ಏಕಾಏಕಿ ಇಂಗ್ಲಿಷಿಗೆ ಬಂದಿದ್ದಳು. ಮೊದಲ ವರ್ಷದ ಅರ್ಧಭಾಗ ಅವಳಿಗೆ ಭೌತಶಾಸ್ತ್ರದ ಉಪನ್ಯಾಸಕರೇ ಇರಲಿಲ್ಲ. ಜೀವಶಾಸ್ತ್ರವನ್ನು ಓದಿ ಹಿಡಿದುಕೊಂಡಳು. ಗಣಿತವನ್ನು ಬೇಡುವ ಭೌತಶಾಸ್ತ್ರ ಕೈಗೆ ಸಿಗಲಿಲ್ಲ. ಕೊರತೆಯ ಕಾರಣ ಇಷ್ಟು ಸ್ಪಷ್ಟವಾಗಿದ್ದು, ಅದನ್ನು ಹತ್ತು ತಿಂಗಳಲ್ಲಿ ನೀಗಿಸಲು ದಾರಿಯಿದ್ದರೆ ಮತ್ತೊಂದು ವರ್ಷ ಸಾರ್ಥಕ. ಎರಡು ವರ್ಷ ಒಳ್ಳೆಯ ಪಾಠ ಕೇಳಿ, ಶ್ರದ್ಧೆಯಿಂದ ಓದಿಯೂ ಮೂರು ವಿಷಯಗಳಲ್ಲಿ ಸಮನಾಗಿ ಹಿಂದುಳಿದ ಮಗುವಿಗೆ ಅದೇ ಪಾಠವನ್ನು ಅದೇ ರೀತಿಯಲ್ಲಿ ಮತ್ತೆ ಓದಿಸುವುದರಿಂದ ಹೆಚ್ಚಿನ ಫಲವನ್ನು ನಿರೀಕ್ಷಿಸಲಾಗದು.

ನಮ್ಮ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಎಂಟು ತಿಂಗಳಿನಿಂದ ಒಂದು ವರ್ಷದವರೆಗೆ ಅಲ್ಲಿಯೇ ಇರುತ್ತದೆ. ಒಳಗಿನ ನೀರು ಆರಿ, ಅಲುಗಿಸಿದಾಗ ಗಿಟುಕು ಸದ್ದು ಮಾಡುವವರೆಗೆ ಯಾರೂ ಒಡೆಯುವುದಿಲ್ಲ. ಆ ವರ್ಷ ವ್ಯರ್ಥವಾಯಿತೆಂದು ಅಳುವುದೂ ಇಲ್ಲ. ಆದರೆ ಬಲಿಯದ ಕಾಯನ್ನಾಗಲಿ ಬಿರುಕು ಬಿಟ್ಟ ಕಾಯನ್ನಾಗಲಿ ತಿಳಿದವರು ಅಟ್ಟಕ್ಕೆ ಏರಿಸುವುದಿಲ್ಲ. ಆರಿಸುವ ವಿವೇಕ, ಕಾಯುವ ತಾಳ್ಮೆ ಎರಡೂ ನಮ್ಮ ಹಿರಿಯರಲ್ಲಿದ್ದವು.

ಮರಳಿ ಬರೆಯುವವರು ಕೆಲವು ನಿಯಮಗಳನ್ನು ಅರಿತಿರಬೇಕು. ನೀಟ್ ಅಂಕ ಆ ವರ್ಷದ ಪ್ರವೇಶಕ್ಕೆ ಮಾತ್ರ ಸಲ್ಲುತ್ತದೆ. ಮರುವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಎಷ್ಟು ಸಲ ಬರೆಯಬಹುದೆಂಬುದಕ್ಕೆ ಮಿತಿಯಿಲ್ಲ. ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಲಾಯಿತು. ಪಿ.ಯು.ಸಿ.ಯ ವಿಜ್ಞಾನ ವಿಷಯಗಳಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡ 50, ಮೀಸಲು ವರ್ಗದವರಿಗೆ ಶೇಕಡ 40 ಅಂಕಗಳಿದ್ದರೆ ಸಾಕು, ಅಷ್ಟಿರುವವರು ಪಿ.ಯು.ಸಿ.ಯನ್ನು ಮತ್ತೆ ಬರೆಯಬೇಕಾಗಿಲ್ಲ. ನೀಟ್ ಬರೆದ ಮಾತ್ರಕ್ಕೆ ರಾಜ್ಯದ ಸೀಟು ದೊರೆಯದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು. ರಾಜ್ಯದ ಹಂಚಿಕೆಯಲ್ಲಿ ಗ್ರಾಮೀಣ ವ್ಯಾಸಂಗದವರಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಮೀಸಲಿದೆ; ನಮ್ಮ ಸಮುದಾಯ 3ಬಿ ಪ್ರವರ್ಗದಲ್ಲಿದೆ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯೇ ಬೇರೆ; 3ಬಿ ಪತ್ರವನ್ನು ಅಖಿಲ ಭಾರತ ಹಂಚಿಕೆಗೆ ನಂಬಿಕೊಳ್ಳಬಾರದು. ಕೊನೆಯ ದಿನ ಶಾಲೆಗೂ ನಾಡಕಚೇರಿಗೂ ಓಡಾಡಿ ಅವಕಾಶ ಕಳೆದುಕೊಳ್ಳುವವರು ಕಡಿಮೆಯಿಲ್ಲ. ಈ ಪತ್ರಗಳನ್ನು ಓದಿನ ವರ್ಷದಲ್ಲಿಯೇ ಮನೆಯ ಹಿರಿಯರು ಸಿದ್ಧಪಡಿಸಿಡಬೇಕು.

ತೋಟವನ್ನು ಅಡವಿಡುವ ಮೊದಲು

ಆ ಹಿರಿಯರ ಮಗ ತೋಟವನ್ನು ಅಡವಿಡಲು ಮುಂದಾದುದಕ್ಕೆ ಕಾರಣವಿದ್ದಿತು. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಲಿಗೆ 20,000 ರೂಪಾಯಿಗಳನ್ನು ದಾಟಿತ್ತು. ಆದರೆ 2023ರಲ್ಲಿ ಕೇಂದ್ರದ ಬೆಂಬಲ ಬೆಲೆ 11,750 ರೂಪಾಯಿಗಳಿದ್ದಾಗ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದು, ಇದೇ ರೈತರು ಬೀದಿಗಿಳಿದಿದ್ದರು. ಕಪ್ಪುತಲೆ ಹುಳು, ಬಿಳಿನೊಣಗಳ ಬಾಧೆಯಿಂದ ಇಳುವರಿಯೂ ಕುಗ್ಗಿದೆ. ಕೊಬ್ಬರಿಯ ಏರುಬೆಲೆ ಒಂದು ವರ್ಷದ್ದು, ಎಂ.ಬಿ.ಬಿ.ಎಸ್. ವ್ಯಾಸಂಗ ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷ ಆಸ್ಪತ್ರೆಯ ತರಬೇತಿ. ಸರ್ಕಾರಿ ಕಾಲೇಜಿನ ವಾರ್ಷಿಕ ಶುಲ್ಕ ಲಕ್ಷ ರೂಪಾಯಿಗೂ ಕಡಿಮೆ. ಖಾಸಗಿಯವರ ಆಡಳಿತ ಮಂಡಳಿಯ ಸೀಟಿಗೆ ವರ್ಷವೊಂದಕ್ಕೆ ಹತ್ತಾರು ಲಕ್ಷ. ಈ ಅಂತರವನ್ನು ನೋಡಿದರೆ, ವಸತಿಯೂ ಸೇರಿ ಒಂದೆರಡು ಲಕ್ಷದ ಲಾಂಗ್ ಟರ್ಮ್ ತರಬೇತಿಗೆ ಖರ್ಚು ಮಾಡುವುದು ಎಷ್ಟೋ ಮೇಲು.

ವಿದೇಶಕ್ಕೆ ಕಳುಹಿಸುವ ಮಾತೂ ಬರುತ್ತದೆ. ಅಲ್ಲಿಗೆ ಹೋಗುವವರಿಗೂ ನೀಟ್ ಅರ್ಹತೆ ಬೇಕು. ಓದಿ ಬಂದ ಮೇಲೆ ಇಲ್ಲಿ ಮತ್ತೊಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಯುದ್ಧಕ್ಕೆ ಬಲಿಯಾದುದನ್ನು ಕನ್ನಡಿಗರು ಮರೆತಿಲ್ಲ. ಅವನ ತಂದೆತಾಯಿಗಳು ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿತ್ತರು. ಆ ಹೃದಯವಂತರಿಗೆ ನಮ್ಮ ಶರಣಾರ್ಥಿ.

ಮನೆಯವರ ಹೊಣೆ

ರಾಜಸ್ಥಾನದ ಕೋಟಾ ನಗರದಲ್ಲಿ ಪ್ರವೇಶ ಪರೀಕ್ಷೆಗಳಿಗೆ ಓದುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು 2023ನೆಯ ಒಂದೇ ವರ್ಷದಲ್ಲಿ ಪ್ರಾಣ ಕಳೆದುಕೊಂಡರು. ನಮ್ಮ ಮನೆಗಳಲ್ಲಿ ಆಡುವ ಮಾತುಗಳನ್ನು ಈ ದುಃಖದ ಬೆಳಕಿನಲ್ಲಿ ತೂಗಿ ನೋಡಬೇಕು. "ನಿನಗೋಸ್ಕರ ಇಷ್ಟು ಖರ್ಚು ಮಾಡಿದೆವು" ಎಂಬ ಮಾತನ್ನು ತಂದೆ ಮರೆತುಬಿಡುತ್ತಾನೆ. ಮಗು ರಾತ್ರಿಯೆಲ್ಲ ಅದನ್ನೇ ಮೆಲುಕು ಹಾಕುತ್ತದೆ. ಮದುವೆಮನೆಯಲ್ಲಿ ನೆಂಟರು "ಏನಾಯಿತು ಸೀಟು?" ಎಂದು ಕೇಳಿದರೆ ಉತ್ತರಿಸುವ ಭಾರವನ್ನು ತಂದೆತಾಯಿಗಳು ತಾವೇ ಹೊರಬೇಕು. ಊಟ ಬಿಟ್ಟು, ನಿದ್ರೆ ಬಿಟ್ಟು, ಮಾತು ಬಿಟ್ಟು ಕುಳಿತ ಮಗುವನ್ನು ಗದರಿಸದೆ ವೈದ್ಯರಿಗೆ ತೋರಿಸಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿಯೆನ್ನದೆ ಕರೆ ಮಾಡಬಹುದು. ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ಯೋಗವಿದೆಯೇ ಎಂದು ಜಾತಕ ಹಿಡಿದು ಅಲೆಯುವವರನ್ನೂ ಕಂಡಿದ್ದೇವೆ. ತಿಥಿ ವಾರ ನಕ್ಷತ್ರಗಳ ಭಯದಿಂದ ಜನರನ್ನು ಬಿಡಿಸಿದ ಶರಣರ ಪರಂಪರೆಯವರಿಗೆ ಇದು ಶೋಭಿಸುವುದಿಲ್ಲ. ಪ್ರಾತಃಕಾಲದಲ್ಲಿ ಇಷ್ಟಲಿಂಗ ಪೂಜೆಗೆ ಕುಳಿತ ಅರ್ಧ ಗಂಟೆ ಚಿತ್ತವನ್ನು ಒಂದೆಡೆ ನಿಲ್ಲಿಸುತ್ತದೆ. ಓದುವ ಮಗುವಿಗೆ ಅದರಿಂದಾಗುವ ಉಪಕಾರ ದೊಡ್ಡದು. ಅಂಕಕ್ಕಾಗಿ ಹರಕೆ ಹೊರುವ ವ್ಯಾಪಾರವನ್ನು ಮಾತ್ರ ಆ ಪೂಜೆಯೊಳಗೆ ತರಬಾರದು.

ಎಲ್ಲೆ ಮತ್ತು ಕಾಯಕ

ಬಸವಣ್ಣನವರ ಕಾಲದ ಶರಣರಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು. ವೈದ್ಯವೇ ಅವರ ಕಾಯಕ, ವಚನಗಳನ್ನೂ ರಚಿಸಿದರು. ಅದೇ ಬಳಗದಲ್ಲಿ ನೇಯುವವರಿದ್ದರು, ದೋಣಿ ನಡೆಸುವವರಿದ್ದರು, ಮಡಿ ಮಾಡುವವರಿದ್ದರು. ವೈದ್ಯನ ಪೀಠ ಮೇಲೆ, ಅಂಬಿಗನದು ಕೆಳಗೆ ಎಂಬ ಭೇದ ಅಲ್ಲಿರಲಿಲ್ಲ. ಆದುದರಿಂದ ಎರಡನೆಯ ಪ್ರಯತ್ನಕ್ಕೆ ಹೊರಡುವ ದಿನವೇ ಒಂದು ಎಲ್ಲೆಯನ್ನು ಮನೆಯವರೆಲ್ಲ ಕೂಡಿ ನಿಶ್ಚಯಿಸಬೇಕು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿ ಮಾರಯ್ಯನನ್ನು ಅದನ್ನು ಮರಳಿ ಚೆಲ್ಲಿ ಬರಲು ಕಳುಹಿಸಿದ ಲಕ್ಕಮ್ಮನ ಕಥೆ ಆಸೆಗೂ ಅಳತೆ ಬೇಕೆಂಬುದನ್ನು ಕಲಿಸುತ್ತದೆ. ನಾಲ್ಕು, ಐದು ವರ್ಷ ಬರೆಯುತ್ತಲೇ ಕಳೆದ ತರುಣರು ನಮ್ಮ ನಡುವೆ ಇದ್ದಾರೆ. ಶುಶ್ರೂಷೆ, ಪಶುವೈದ್ಯ, ಆಯುರ್ವೇದ, ಔಷಧಶಾಸ್ತ್ರ, ಅಂಗಮರ್ದನ ಚಿಕಿತ್ಸೆ ಇವೆಲ್ಲವೂ ಜೀವವನ್ನು ಉಳಿಸುವ ವಿದ್ಯೆಗಳೇ. ಹಸುವನ್ನೇ ನಂಬಿದ ಮನೆಗಳಿರುವ ನಮ್ಮ ತಾಲ್ಲೂಕಿನಲ್ಲಿ ಒಳ್ಳೆಯ ಪಶುವೈದ್ಯನಿಗೆ ದೊರೆಯುವ ಗೌರವ ಯಾವ ಡಾಕ್ಟರಿಗೂ ಕಡಿಮೆಯಿಲ್ಲ.

ಸಮುದಾಯಕ್ಕೂ ಒಂದು ಮಾತು. ಬೆಳಗಾವಿಯಲ್ಲಿ 1963ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ, ಮೈಸೂರಿನಲ್ಲಿ 1984ರಲ್ಲಿ, ನಮ್ಮ ತುಮಕೂರಿನ ಸಿದ್ಧಗಂಗೆಯಲ್ಲಿ 2022ರಲ್ಲಿ ವೈದ್ಯಕೀಯ ಕಾಲೇಜುಗಳು ಆರಂಭವಾದುದರ ಹಿಂದೆ ಮಠಗಳ, ದಾನಿಗಳ, ಶಿಕ್ಷಕರ ಶ್ರಮವಿದೆ. ಕಟ್ಟಡ ಕಟ್ಟಿದ ಸಮಾಜ ಆ ಬಾಗಿಲವರೆಗೆ ಬಡವರ ಮಕ್ಕಳನ್ನು ಕರೆತರಲೂ ಬೇಕು. ತಾಲ್ಲೂಕಿಗೊಬ್ಬ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು ವಾರಕ್ಕೆ ಎರಡು ದಿನ ಹತ್ತು ಮಕ್ಕಳಿಗೆ ಕನ್ನಡದಲ್ಲಿ ವಿವರಿಸಿ ಹೇಳಿದರೆ ಅದಕ್ಕಿಂತ ದೊಡ್ಡ ದಾಸೋಹ ಬೇರೊಂದಿಲ್ಲ. ಉಳ್ಳವರು ವರ್ಷಕ್ಕೊಂದು ಮಗುವಿನ ತರಬೇತಿಯ ವೆಚ್ಚವನ್ನು ಹೊತ್ತರೂ ಆಯಿತು.

ಮಾಯಸಂದ್ರದ ಆ ಮನೆಯವರು ಅಂದು ಮೂರು ತೀರ್ಮಾನಗಳನ್ನು ಮಾಡಿದರು. ತೋಟವನ್ನು ಅಡವಿಡುವುದಿಲ್ಲ. ಒಂದೇ ಒಂದು ವರ್ಷ, ಭೌತಶಾಸ್ತ್ರಕ್ಕೆ ಒತ್ತುಕೊಟ್ಟು ಓದಿಸುವುದು. ಆಗದಿದ್ದರೆ ಶುಶ್ರೂಷಾ ಪದವಿಗೆ ಸೇರಿಸುವುದು. ಆವರೆಗೆ ಮದುವೆಯ ಮಾತನ್ನು ಯಾರೂ ಎತ್ತುವುದಿಲ್ಲ. ಮೂರನೆಯದನ್ನು ಹೇಳಿದವರು ಅಜ್ಜನವರೇ. ಮೊಮ್ಮಗಳು ಮೊದಲ ಸಲ ತಲೆಯೆತ್ತಿದಳು. ಮುಂದೆ ಅವಳಿಗೆ ದೊರೆತ ಅಂಕವೆಷ್ಟೆಂಬುದನ್ನು ನಾವಿಲ್ಲಿ ಬರೆಯುತ್ತಿಲ್ಲ. ಫಲ ಬರುವ ಮೊದಲೇ ಆ ಮನೆ ಸರಿಯಾದುದನ್ನು ಮಾಡಿದ್ದಿತು. ಈ ವರ್ಷ ಇದೇ ಪ್ರಶ್ನೆಯನ್ನು ಎದುರಿಸುತ್ತಿರುವ ಸದ್ಭಕ್ತರೂ ಮಕ್ಕಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು, ಅವರ ಮಾತನ್ನು ಮೊದಲು ಕೇಳಿ, ಆಮೇಲೆ ನಿರ್ಧರಿಸಲೆಂದು ಹಾರೈಸುತ್ತೇವೆ.